ಗಾಳಿ ಬಂತು ಎನ್ನುವ ದನಿ

ಕಡಲಿಗೆ ಹೋದವರಿಗೆ ಬಿರುಗಾಳಿಯ ಮುನ್ಸೂಚನೆಯನ್ನು ಕೂಗಿ ಹೇಳುವ ಆ್ಯಪ್ ನಮ್ಮದು. ಬಿಡುಗಡೆಗೆ ಮೊದಲು ಬಳಸುವವರ ಅಭಿಪ್ರಾಯ ಕೇಳಲು ಹೊನ್ನಾವರದ ಬಂದರಿಗೆ ಹೋಗಿದ್ದೆ. ಕೇಳಿದವರೆಲ್ಲ "ಚಲೋ ಅದೆ" ಅಂದು ಚಾ ಕುಡಿಸಿದರು. ದೂರದಿಂದ ಬಂದವಳ ಮನಸ್ಸು ನೋಯಿಸಬಾರದೆಂಬ ಮರ್ಯಾದೆ ಅದು. ನನಗೆ ಬೇಕಿದ್ದದ್ದು ದೂರು. ಒಂದಾದರೂ ಸಿಗದೆ ಏಳುವುದಿಲ್ಲವೆಂದು, ಮೀನು ಒಣಗಿಸುತ್ತಿದ್ದ ನಾಗವೇಣಕ್ಕನ ಪಕ್ಕ ಕೂತು ಆ್ಯಪಿನ ಕೂಗು ಕೇಳಿಸಿದೆ. ಅವರ ಗಂಡ ದಿನಾ ದೋಣಿಯಲ್ಲಿ ಮೀನಿಗೆ ಹೋಗುವವರು.

"ಚಲೋ ಅದೆ ತಂಗಿ," ಎಂದರು ಅವರೂ.

"ಅಕ್ಕಾ, ನಾಳೆ ಗಾಳಿ ಎದ್ದರೆ ಅಣ್ಣ ಇದನ್ನು ಕೇಳಿ ದೋಣಿ ತಿರುಗಿಸ್ತಾರಾ? ಅಷ್ಟು ಹೇಳಿ."

ಅವರ ಕೈ ನಿಂತಿತು. "ಇಲ್ಲ. ಅದೆಂತ ದನಿ? ಜ್ವರ ಬಂದು ಮಲಗಿದವ್ರು ಗಂಜಿ ಕೇಳ್ದಂಗೆ ಅದೆ."

ಆ ದನಿ ನನ್ನದೇ.

"ಹಾಗಾದ್ರೆ ನೀವೇ ಹೇಳಿ," ಎಂದು ದನಿ ರೆಕಾರ್ಡ್ ಮಾಡಲು ಫೋನ್ ಹಿಡಿದೆ.

"ಗಾಳಿ ಬಂತು, ದೋಣಿ ತಿರುಗ್ಸಿ!" ಅವರು ಕೂಗಿದ ಅಬ್ಬರಕ್ಕೆ ಮೀನಿಗೆ ಕಾದಿದ್ದ ಕಾಗೆಗಳೆಲ್ಲ ಎದ್ದು ಹಾರಿದವು.

ಬಿಡುಗಡೆಯಾದದ್ದು ಅದೇ ದನಿ. ಮುಂದೊಂದು ದಿನ ಗಾಳಿ ಎದ್ದು, ದೋಣಿಗಳು ಸಕಾಲಕ್ಕೆ ದಡ ಸೇರಿದ ಸಂಜೆ ಅವರ ಗಂಡ ಫೋನ್ ಮಾಡಿದರು: "ಮನೆಲ್ಲೂ ಇವಳೇ, ಕಡಲಲ್ಲೂ ಇವಳೇ ಆದ್ರೆ ನಾ ಎಲ್ಲಿಗೆ ಹೋಗೂದು?"

ಈ ದೂರೊಂದನ್ನು ಸರಿಪಡಿಸುವ ಉದ್ದೇಶ ನಮಗಿಲ್ಲ.