ದೊಡ್ಡಮ್ಮ ಒಡೆದ ಕಟ್ಟ

ಮೊನ್ನೆ ವಾಮದಪದವು ಪೇಟೆಯಿಂದ ಮನೆಗೆ ಬರುವಾಗ ಗದ್ದೆಗಳಿಗೆ ನೀರು ಕೊಡುವ ನಮ್ಮ ತೋಡಿನ ಬದಿಯಲ್ಲಿ ಹಸಿ ಮಣ್ಣಿಗೆ ಸೊಪ್ಪು ತುಳಿದ ವಾಸನೆ ಬಂತು. ಬೈಕ್ ನಿಲ್ಲಿಸಿದೆ. ನೆರೆಮನೆಯ ದೊಡ್ಡಮ್ಮ ನೆನಪಾದರು. ಸಂಬಂಧದಲ್ಲಿ ಅವರು ನನಗೇನೂ ಅಲ್ಲ, ಊರಿಗೆಲ್ಲ ದೊಡ್ಡಮ್ಮ.

ಮಳೆ ನಿಂತ ಮೇಲೆ ಮಣ್ಣಿಗೆ ಸೊಪ್ಪು ಸೇರಿಸಿ ತುಳಿದು ತೋಡಿಗೆ ಅಡ್ಡಲಾಗಿ ಕಟ್ಟ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ಮನೆಗೊಬ್ಬರು ಬರಲೇಬೇಕು. ನೀರು ನಿಂತರೆ ಮಾತ್ರ ಎರಡನೇ ಬೆಳೆ, ಸುಗ್ಗಿಯ ಭತ್ತ. ಒಂದು ವರ್ಷ ಸರಕಾರ ಅಲ್ಲೇ ಸಿಮೆಂಟಿನ ಕಿಂಡಿ ಅಣೆಕಟ್ಟು ಕಟ್ಟಿಸಿತು. ಇನ್ನು ಮಣ್ಣು ಹೊರುವುದು ತಪ್ಪಿತು ಎಂದು ಹಿಗ್ಗಿದೆವು. ಕಿಂಡಿಗಳಿಗೆ ಹಲಗೆ ಇಳಿಸಿದ ಮರುದಿನವೇ ನೀರು ಅಡಿಯಿಂದ ಸೋರಿಹೋಯಿತು. ಸಿಮೆಂಟು, ಕಬ್ಬಿಣ ಯಾರ ಯಾರ ಹೊಟ್ಟೆ ಸೇರಿತ್ತೋ... ಗಟ್ಟಿಯಾಗಿದ್ದದ್ದು ಕಟ್ಟಿಸಿದವರ ಹೆಸರು ಕೆತ್ತಿದ ಕಲ್ಲು ಮಾತ್ರ.

ದೊಡ್ಡಮ್ಮ ಬೈಯುತ್ತ ಕೂರಲಿಲ್ಲ. ನಮ್ಮನ್ನೆಲ್ಲ ಸೇರಿಸಿ ಅಣೆಕಟ್ಟಿನ ಕೆಳಗೆ ಮೊದಲಿನ ಹಾಗೆ ಕಟ್ಟ ಹಾಕಿಸಿದರು. ನೀರು ತುಂಬಿ ಅಣೆಕಟ್ಟಿನ ಹಿಂದಕ್ಕೂ ಏರಿತು. ಸುದ್ದಿ ಮುಟ್ಟಿದ್ದೇ ತಡ, ಗುತ್ತಿಗೆದಾರ ಇಂಜಿನಿಯರನ್ನು ಜೀಪಿನಲ್ಲಿ ಕರೆತಂದ. ತುಂಬಿದ ಅಣೆಕಟ್ಟಿನ ಫೋಟೋ ಸಿಕ್ಕಿದರೆ ಉಳಿದ ಬಿಲ್ಲು ಪಾಸು!

"ಮಣ್ಣು ಕಾಣದ ಹಾಗೆ ತೆಗೀತೇವೆ ದೊಡ್ಡಮ್ಮ, ನಿಮಗೆಂತ ನಷ್ಟ ಉಂಟು?" ಎಂದ ಗುತ್ತಿಗೆದಾರ.

"ಸ್ವಲ್ಪ ನಿಲ್ಲಿ ಮಾರಾಯ್ರೆ."

ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುದ್ದಲಿ ಹಿಡಿದು ಕಟ್ಟದ ನಡುವಿಗೇ ನಡೆದರು. ನಾಲ್ಕೇಟಿಗೆ ನೀರು ನುಗ್ಗಿತು. ಗದ್ದೆಗೆ ನೇಜಿಯ ಸಸಿ ನೆಟ್ಟು ವಾರವೂ ಆಗಿರಲಿಲ್ಲ. ನೋಡುತ್ತಿದ್ದಂತೆ ಅಣೆಕಟ್ಟಿನ ಹಿಂದಿನ ನೀರೂ ಇಳಿಯತೊಡಗಿತು.

"ಈಗ ತೆಗೀರಿ ಫೋಟೋ. ನೀವು ಕಟ್ಟಿದ್ದು ಎಷ್ಟು ಉಂಟೋ ಅಷ್ಟೇ ಕಾಣ್ತದೆ."

ಜೀಪು ಹೋಯಿತು. ನಾವು ಕಟ್ಟವನ್ನು ಮತ್ತೆ ಹಾಕಿದೆವು. ಅಷ್ಟರಲ್ಲಿ ತುದಿಯ ಗದ್ದೆ ಒಣಗಿತ್ತು, ಅದು ದೊಡ್ಡಮ್ಮನದೇ. ಬೇರೆ ಯಾವುದೋ ನೀರಿನ ಫೋಟೋ ಇಟ್ಟು ಬಿಲ್ಲು ಹೇಗೂ ಪಾಸಾಯಿತಂತೆ. ಒಡೆದು ಏನು ಸಿಕ್ಕಿತು ಎಂದು ಕೇಳಿದವರಿಗೆ ಅವರು ಹೇಳಿದ್ದು ಇಷ್ಟೇ: "ನಮ್ಮ ನೀರು ಸುಳ್ಳು ಸಾಕ್ಷಿ ಹೇಳ್ಲಿಲ್ಲ."

ಅವರು ಹೋಗಿ ವರ್ಷಗಳಾದವು. ತೋಡಿನ ಬದಿಗೆ ಬಂದಾಗಲೆಲ್ಲ ಸಂಕಟವಾಗುತ್ತದೆ... ಈ ದೇಶ ಉದ್ಧಾರವಾಗುವುದಿಲ್ಲ ಎಂದು ಗೊಣಗುವವರ ಜತೆ ಮಾತ್ರ ನಾನು ಸೇರುವುದಿಲ್ಲ. ಉದ್ಧಾರಕ್ಕೆ ಅಡ್ಡ ನಿಂತವರ ಹೆಸರು ಆ ಕಲ್ಲಿನ ಮೇಲೇ ಇದೆ.

ಅಣೆಕಟ್ಟಿನ ದುರಸ್ತಿಗೆ ಹಣ ಬಂದಿದೆಯಂತೆ. ಒಂದು ಹಿಡಿ ಸಿಮೆಂಟೂ ಬಿದ್ದಿಲ್ಲ. ನಾಳೆ ಗುತ್ತಿಗೆದಾರರು ಫೋಟೋ ತೆಗೆಯಲು ಬರುತ್ತಾರಂತೆ. ಮೊನ್ನೆ ಪ್ಯಾಂಟು ಮಡಚಿ ಊರವರ ಜತೆ ನಾನೂ ತೋಡಿಗಿಳಿದು ಮಣ್ಣು ತುಳಿದೆ. ಈಗ ಕಟ್ಟ ತುಂಬಿದೆ. ದೊಡ್ಡಮ್ಮನ ಗುದ್ದಲಿಯನ್ನು ಅವರ ಮನೆಯಿಂದ ಕೇಳಿ ತಂದು ಕಟ್ಟದ ಮೇಲೆ ಇಟ್ಟಿದ್ದೇನೆ. ಬರಲಿ.