ಹನ್ನೊಂದು ತಿಂಗಳ ಕರಾರು

ಕಡೂರಿನ ಬಾಡಿಗೆ ಮನೆಯಲ್ಲಿ ಶಿರೀನ್ ತಾಜ್ ಒಂಬತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದಳು. ಅಜ್ಜಂಪುರದಲ್ಲಿ ಎರಡು ಕೋಣೆಯ ಮನೆಯೊಂದನ್ನು ಕೊಳ್ಳಲು ಮಾತಾಗಿತ್ತು; ಖಾತೆ ಮಾರುವವರ ಹೆಸರಿಗೆ ಬರುವುದಷ್ಟೇ ಬಾಕಿ. ಅಷ್ಟರಲ್ಲಿ ಕಡೂರಿನ ಮನೆ ಮಾಲೀಕ ಓಂಕಾರೇಶ್ ಹೊಸ ಕರಾರುಪತ್ರ ತಂದ. ಇನ್ನೂ ಹನ್ನೊಂದು ತಿಂಗಳು. ನಡುವೆ ಬಿಟ್ಟರೆ ಅಡ್ವಾನ್ಸ್ ವಾಪಸಿಲ್ಲ.

“ಮೂರೇ ತಿಂಗಳಿಗೆ ಬರ್ಕೊಡಿ, ಓಂಕಾರಣ್ಣ. ಅಷ್ಟರಲ್ಲಿ ನನ್ ಮನೆ ಆಗುತ್ತೆ.”

“ಖಾತೆ ಆಗೋದು ಯಾವ ಕಾಲಕ್ಕೋ. ಸುಮ್ನೆ ಸೈನ್ ಹಾಕಮ್ಮ. ಒಬ್ಳೇ ಹೆಂಗ್ಸು, ಎಲ್ಲಿಗ್ ಹೋಗ್ತೀಯ?”

ಅಲ್ಲಿಯತನಕ ಅವಳಿಗೂ ಸಹಿ ಹಾಕಿಬಿಡೋಣ ಎನಿಸಿತ್ತು. ಆ ಕೊನೆಯ ಮಾತು ಕೇಳಿ ಪೆನ್ನು ಕೆಳಗಿಟ್ಟಳು.

“ಹೋಗೋ ಜಾಗ ನಾನ್ ನೋಡ್ಕೋತೀನಿ. ತಿಂಗಳ ಕೊನೇಲಿ ಬೀಗದ ಕೈ ತಗೊಳ್ಳಿ.”

ಅಜ್ಜಂಪುರದಲ್ಲಿದ್ದ ಅಕ್ಕನ ಮನೆಯ ಜಗಲಿಗೆ ಹೊಲಿಗೆ ಮೆಷಿನ್ ಸಾಗಿಸಿದಳು. ಮೂರು ತಿಂಗಳು ಅಂದದ್ದು ಏಳಾಯಿತು. “ಆ ಮನೆ ಆಸೆ ಬಿಡಮ್ಮ” ಎಂದು ಭಾವ ಹೇಳಿದರೂ ಕೇಳಲಿಲ್ಲ. ವಾರಕ್ಕೊಮ್ಮೆ ಪಂಚಾಯಿತಿ ಕಚೇರಿಗೆ ಹೋಗಿ, ಬೆಂಚಿನ ಮೇಲೆ ಕೂತು ರವಿಕೆಗಳಿಗೆ ಹುಕ್ಕು ಹಾಕುತ್ತ ಕಾದಳು. ಕೊನೆಗೆ ಅವಳನ್ನು ಸಾಗಹಾಕಲಿಕ್ಕಾದರೂ ಖಾತೆ ಮಾಡಿಕೊಟ್ಟರು.

ನೋಂದಣಿಯ ದಿನ ಪತ್ರ ಬರೆಯುವವನು, “ಮನೆ ಯಾರ ಹೆಸ್ರಿಗೆ? ಅಣ್ಣತಮ್ಮಂದಿರು ಯಾರಾದ್ರೂ ಇದಾರಾ?” ಎಂದು ಕೇಳಿದ.

“ಇದಾರೆ. ಬರೆಯೋದು ನನ್ ಹೆಸ್ರು ಕಣ್ರೀ,” ಎಂದಳು. “ಶಿರೀನ್ ತಾಜ್, ಟೈಲರ್.”