ಶರಾವತಿಯ ವಿದ್ಯುತ್ತನ್ನು ಸರದಿಗೆ ತಂದ ನಂಜುಂಡಪ್ಪನವರು

ನೀರಿನಿಂದ ವಿದ್ಯುತ್ತನ್ನು ತೆಗೆದವರ ಹೆಸರು ಅಣೆಕಟ್ಟಿನ ಶಿಲಾಫಲಕದಲ್ಲಿರುತ್ತದೆ. ತೆಗೆದದ್ದನ್ನು ಹಂಚಿದವರ ಹೆಸರು ಜನರ ಬೈಗುಳದಲ್ಲಿರುತ್ತದೆ. ತುರುವೇಕೆರೆ ಸೀಮೆಯ ವಿದ್ಯುತ್ ಉಪಕೇಂದ್ರವೊಂದರಲ್ಲಿ ಹದಿನಾರು ವರ್ಷ ಆಪರೇಟರಾಗಿದ್ದು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ನಂಜುಂಡಪ್ಪನವರು ಈ ಎರಡನೆಯ ಪರಂಪರೆಗೆ ಸೇರಿದವರು. ಸನ್ಮಾನದ ಸುದ್ದಿ ತಿಳಿಸಿದಾಗ ಅವರು ಕೇಳಿದ್ದು ಒಂದೇ: ಕೂರಲು ಕುರ್ಚಿ ಇರುತ್ತದೆಯೇ?

ಮೊದಲ ಎಂಟು ವರ್ಷ ಅವರು ಶರಾವತಿಯ ವಿದ್ಯುದಾಗಾರದಲ್ಲಿ, ಟರ್ಬೈನುಗಳ ಗುಡುಗಿನ ನಡುವೆ ಕಳೆದರು. ೧೯೭೨ರಲ್ಲಿ ಹುಟ್ಟೂರಿನ ಕಡೆಗೆ ವರ್ಗವಾಗಿ ಬಂದರು. ಸಂಪಿಗೆ ಊರಿನ ದಾರಿಯಲ್ಲಿ ಅವರ ತೋಟ, ಅದರ ಪಕ್ಕದಲ್ಲೇ ಅಣ್ಣ ಗಂಗಯ್ಯನವರದು. ತಂದೆ ಬೇಗ ತೀರಿಕೊಂಡಾಗ ತಾವು ಶಾಲೆ ಬಿಟ್ಟು ತಮ್ಮನನ್ನು ಓದಿಸಿದವರು ಈ ಗಂಗಯ್ಯನವರೇ.

ಎಂಬತ್ತರ ದಶಕದಲ್ಲಿ ಮಲೆನಾಡಿನ ಮಳೆ ಕೈಕೊಟ್ಟು ಜಲಾಶಯ ತಗ್ಗಿದಾಗಲೆಲ್ಲ, ಎಷ್ಟೋ ಹರದಾರಿ ಈಚೆಗಿದ್ದ ನಮ್ಮ ಪಂಪುಗಳು ಕರೆಂಟಿಲ್ಲದೆ ನಿಂತು, ತೆಂಗಿನ ಬುಡಗಳು ಬಿರಿಯುತ್ತಿದ್ದವು. ನಂಜುಂಡಪ್ಪನವರು ದಿನವೂ ಜಲಾಶಯದ ಮಟ್ಟವನ್ನು ಫೋನಿನಲ್ಲಿ ಕೇಳಿ ಉಪಕೇಂದ್ರದ ಗೇಟಿನ ಹಲಗೆಯ ಮೇಲೆ ಬರೆಯುತ್ತಿದ್ದರು. ಆ ನೀರನ್ನು ಕಣ್ಣಿಂದ ಕಾಣದವರೂ ಅದನ್ನು ಓದಿ, ತಮ್ಮ ಬಾವಿಯೇ ಇಳಿಯಿತೆಂಬಂತೆ ಮುಖ ಇಳಿಸಿಕೊಂಡು ಹೋಗುತ್ತಿದ್ದರು.

೧೯೮೬ರ ಬೇಸಿಗೆಯಲ್ಲಿ ಪಂಪುಗಳಿಗೆ ದಿನಕ್ಕೆ ಮೂರೇ ಗಂಟೆ ಕರೆಂಟು. ಅದೂ ಹೇಳದೆ ಕೇಳದೆ ಬರುವುದು. ಕಾಯುವ ತಾಳ್ಮೆಯಿಲ್ಲದ ರೈತರು, ಕರೆಂಟು ಬಂದೊಡನೆ ಮೋಟಾರು ತಾನಾಗಿ ತಿರುಗಲೆಂದು, ಸ್ಟಾರ್ಟರಿನ ಹಿಡಿಯನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿದು ಮನೆಗೆ ಹೋಗುತ್ತಿದ್ದರು. ಇಪ್ಪತ್ತೆರಡು ಮೋಟಾರುಗಳು ಒಟ್ಟಿಗೇ ಎದ್ದರೆ ಇದ್ದೊಂದು ಟ್ರಾನ್ಸ್‌ಫಾರ್ಮರ್ ಗೊರಗೊರ ಎನ್ನುತ್ತಿತ್ತು. ಹಿಂದಿನ ವರ್ಷ ಸುಟ್ಟದ್ದಕ್ಕೆ ಬದಲಿ ಬರಲು ಐದು ತಿಂಗಳು ಹಿಡಿದಿತ್ತು. ಇದೂ ಸುಟ್ಟರೆ ಆ ಸಾಲಿನ ತೋಟಗಳಿಗೆ ಮಳೆಗಾಲವೇ ಗತಿ.

ರಜೆಯ ದಿನ ನಂಜುಂಡಪ್ಪನವರು ಸೈಕಲ್ಲೇರಿ ಪಂಪಿನ ಮನೆಗಳನ್ನು ಸುತ್ತಿದರು. ಹಗ್ಗ ಬಿಚ್ಚಿ, ಕಾಲುಗಂಟೆಗೆ ಐದೈದರಂತೆ ಸರದಿಯಲ್ಲಿ ಹಾಕಿ ಎಂದು ಬೇಡಿದರು. ಎಳೆಯ ಸಸಿ ನೆಟ್ಟಿದ್ದ ಅಂಕಮ್ಮ, "ನಂದು ಯಾವಾಗಾದ್ರೂ ಸರಿ ಕಣಪ್ಪ, ಬಂದ್ರೆ ಸಾಕು" ಎಂದರು. ಪಕ್ಕದ ತೋಟದ ಗಿಡ್ಡಯ್ಯ ಎಲೆಯಡಿಕೆ ಉಗಿದು ಬಂದರು.

"ನಮ್ದು ಬಿಚ್ತೀವಿ ಬುಡಿ ಸ್ವಾಮಿ. ನಿಮ್ಮಣ್ಣನ ಸ್ಟಾಟ್ರಿಗೆ ಕಟ್ಟಿರಾದೇನು, ಮದ್ವೆ ಕಂಕಣಾನಾ?"

ನಂಜುಂಡಪ್ಪನವರು ನೇರ ಅಣ್ಣನ ಪಂಪಿನ ಮನೆಗೆ ನಡೆದರು. ಹಗ್ಗ ಇತ್ತು, ಊರಿಗೆಲ್ಲ ಗಟ್ಟಿಯಾದ ಗಂಟು ಅದೇ. ಗಂಗಯ್ಯನವರು ಬಾಗಿಲಲ್ಲಿ ನಿಂತಿದ್ದರು.

"ನಿನ್ನ ಓದ್ಸಿದ್ದು ನನ್ ಹಗ್ಗ ಬಿಚ್ಲಿ ಅಂತೇನ್ಲಾ?"

"ಬಿಚ್ಚಾದಷ್ಟೇ ಅಲ್ಲ ಕಣಣ್ಣ. ಸರದೀಲಿ ನೀನೇ ಕೊನೆ. ನೀನು ನಿಂತ್ರೆ ಮಿಕ್ಕೋರು ನಿಲ್ತಾರೆ."

ಗಂಗಯ್ಯನವರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

"ನಿಂತ್ಕತೀನಿ ಬುಡು. ಇನ್ನು ನನ್ ತಾವ ಮಾತಾಡ್ಬ್ಯಾಡ."

ಟ್ರಾನ್ಸ್‌ಫಾರ್ಮರ್ ಮಳೆಯವರೆಗೆ ಉಳಿಯಿತು. ಅಂಕಮ್ಮನ ನಲವತ್ತು ಸಸಿಗಳೂ ಉಳಿದವು. ಗಂಗಯ್ಯನವರು ಒಂದು ದಿನವೂ ಸರದಿ ತಪ್ಪಿಸಲಿಲ್ಲ, ತಮ್ಮನೊಡನೆ ಒಂದು ಮಾತೂ ಆಡಲಿಲ್ಲ. ಮರುವರ್ಷ ಏಳೆಂಟು ಕಡೆ ಹಗ್ಗಗಳು ಮರಳಿದವು, ನಂಜುಂಡಪ್ಪನವರು ಮತ್ತೆ ಸೈಕಲ್ಲೇರಿದರು. ಲೋಕವನ್ನು ತಿದ್ದುವ ಕೆಲಸ ಹೀಗೆಯೇ. ವರ್ಷಕ್ಕೊಮ್ಮೆ ಮೊದಲಿನಿಂದ ಮಾಡಬೇಕು. ಅಣ್ಣನ ಪಂಪಿನ ಮನೆಯಲ್ಲಿ ಮಾತ್ರ ಅವರಿಗೆ ಬಿಚ್ಚಲು ಏನೂ ಸಿಗಲಿಲ್ಲ.

ನಿವೃತ್ತರಿಗೆ ನೂರು ವರ್ಷ ಹಾರೈಸುವುದು ವಾಡಿಕೆ. ದಣಿವಾಗಿದೆ, ಅಷ್ಟೊಂದು ಬೇಡ ಎನ್ನುತ್ತಾರೆ ನಂಜುಂಡಪ್ಪನವರು. ಆದರೂ ಆರೋಗ್ಯ ಅವರ ಜೊತೆಗಿರಲಿ, ತೋಟದ ದುಡಿಮೆ ಬಹುಕಾಲ ಸಾಗಲಿ. ಗಂಗಯ್ಯನವರಿಗೆ ಈಗ ಎಪ್ಪತ್ತು ತುಂಬಿದೆ. ಅವರಿಗೂ ಅಷ್ಟೇ ಆಯುಸ್ಸು ಕೂಡಿಬರಲಿ. ಮೊದಲ ಮಾತನ್ನು ಯಾರು ಆಡಬೇಕೆಂಬುದು ಇಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ.